ರನ್‌ವೇ ಉದ್ದ ಇದ್ದ ಮಾತ್ರಕ್ಕೆ ವಿಮಾನ ಬರಲ್ಲ ಸ್ವಾಮಿ

ಕಲ್ಯಾಣ ಕರ್ನಾಟಕವಿರಲಿ, ಮಲೆನಾಡಿರಲಿ, ವಿಮಾನ ನಿಲ್ದಾಣದ ಮಾತು ಬಂದ ಕೂಡಲೇ ಭಾಷಣದಲ್ಲಿ ಒಂದು ಸಾಲು ಬಂದೇ ಬರುತ್ತದೆ. ನಮ್ಮದು ಏರ್‌ಬಸ್ ಇಳಿಯುವಂಥ ನಿಲ್ದಾಣ ಅಂತ. ಚಪ್ಪಾಳೆ ಬೀಳುತ್ತದೆ, ಮರುದಿನ ಅದೇ ತಲೆಬರಹ ಆಗುತ್ತದೆ, ವಾಟ್ಸಾಪ್ ಸ್ಟೇಟಸ್ ಆಗುತ್ತದೆ. ಯಾವ ಏರ್‌ಬಸ್, ಎಷ್ಟು ಸೀಟಿನದು, ವಾರಕ್ಕೆ ಎಷ್ಟು ಸಲ, ಯಾವ ಊರಿಗೆ? ಇದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ನಾವು ಕೇಳುತ್ತೇವೆ. ಯಾಕೆಂದರೆ ಕನ್ನಡದಲ್ಲಿ 'ಇಳಿಯಬಲ್ಲದು' ಎನ್ನುವುದೇ ಬೇರೆ, 'ಇಳಿಯುತ್ತದೆ' ಎನ್ನುವುದೇ ಬೇರೆ. ನಮ್ಮ ಜಿಲ್ಲೆಗಳಲ್ಲಿ ಮೊದಲನೆಯದನ್ನು ಎರಡನೆಯದು ಅಂತ ಮಾರಲಾಗುತ್ತಿದೆ. ಜಮೀನು ಹೋಗುವುದು ನಮ್ಮದು, ತೆರಿಗೆ ಹೋಗುವುದು ನಮ್ಮದು. ಹಾಗಾಗಿ ಈ ವಿಮಾನ ಏನು, ಅದಕ್ಕೆ ಏನು ಸಾಧ್ಯ, ಏನು ಅಸಾಧ್ಯ ಅಂತ ತಿಳಿದುಕೊಳ್ಳುವ ಹಕ್ಕೂ ನಮ್ಮದೇ.

ಮೊದಲು ವಿಮಾನ ಯಾವುದು ನೋಡೋಣ

ಏರ್‌ಬಸ್ ಎನ್ನುವುದು ಕಂಪನಿಯ ಹೆಸರು, ಒಂದು ವಿಮಾನದ ಹೆಸರಲ್ಲ. ಟ್ರ್ಯಾಕ್ಟರ್ ಅಂದರೆ ಯಾವ ಎಚ್‌ಪಿ ಅಂತ ಕೇಳುವ ನಾವು ಏರ್‌ಬಸ್ ಅಂದಾಗ ಸುಮ್ಮನಾಗಿಬಿಡುತ್ತೇವೆ. ಭಾಷಣಗಳಲ್ಲಿ ಬರುವುದು ಎ320 ಕುಟುಂಬ. ಒಳಗೆ ನಡುವೆ ಒಂದೇ ಓಣಿ, ಆ ಕಡೆ ಮೂರು ಸೀಟು, ಈ ಕಡೆ ಮೂರು ಸೀಟು. ಈ ಕುಟುಂಬದ ಉದ್ದನೆಯ ಮಗ ಎ321.

ಎ320ಯ ಉದ್ದ 37.57 ಮೀಟರ್. ಎ321ರ ಉದ್ದ 44.51 ಮೀಟರ್. ಅಂದರೆ ರೆಕ್ಕೆಯ ಮುಂದೆ ಒಂದು ತುಂಡು, ಹಿಂದೆ ಒಂದು ತುಂಡು ಸೇರಿಸಿ ಸುಮಾರು 7 ಮೀಟರ್ ಎಳೆದಿದ್ದಾರೆ. ಅಗಲ ಅಷ್ಟೇ, ಓಣಿ ಒಂದೇ. ಇದು ಮೊದಲ ಸಲ ಹಾರಿದ್ದು 1993ರ ಮಾರ್ಚ್‌ನಲ್ಲಿ. ಜರ್ಮನಿಯ ಲುಫ್ತಾನ್ಸಾ 1994ರಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು ಓಡಿಸಿತು. ಆಮೇಲೆ ಹೊಸ ಎಂಜಿನ್ ಹಾಕಿದ ಎ321 ನಿಯೋ ಬಂತು, ಇಂಧನ ಖರ್ಚು ಇನ್ನೂ ಇಳಿಯಿತು.

ಯಾಕೆ ಎಳೆದರು? ಲೆಕ್ಕ ಸರಳ. ಪೈಲಟ್‌ಗಳು ಅದೇ ಇಬ್ಬರು, ಎಂಜಿನ್ ಅದೇ ಎರಡು, ನಿಲ್ಲಿಸುವ ಜಾಗದ ಅಗಲ ಅಷ್ಟೇ. ಎ320 ಓಡಿಸುವ ಪೈಲಟ್ ಇದನ್ನೂ ಓಡಿಸಬಹುದು. ಸೀಟು ಮಾತ್ರ ಹೆಚ್ಚು. ಇಂಡಿಗೊದ ಎ321 ನಿಯೋದಲ್ಲಿ 222ರಿಂದ 232 ಸೀಟು. ಗರಿಷ್ಠ 244 ಸೀಟಿನವರೆಗೂ ಹಾಕಲು ಅನುಮತಿ ಇದೆ. ಖರ್ಚು ಸ್ವಲ್ಪ ಏರುತ್ತದೆ, ಟಿಕೆಟ್ ಬಹಳ ಏರುತ್ತದೆ. ಪ್ರತಿ ಸೀಟಿನ ಮೇಲೆ ಬೀಳುವ ಖರ್ಚು ಕಡಿಮೆ. ವಿಮಾನ ಕಂಪನಿಗಳು ಇದರ ಹಿಂದೆ ಬಿದ್ದಿರುವ ಗುಟ್ಟು ಇಷ್ಟೇ.

ಆದರೆ ಈ ಗುಟ್ಟಿಗೆ ಒಂದು ಷರತ್ತಿದೆ. ಸೀಟು ತುಂಬಬೇಕು. ಖಾಲಿ ಸೀಟು ಹೊತ್ತು ಹಾರಿದರೆ ಉದ್ದ ಮಾಡಿದ ಲಾಭವೆಲ್ಲ ನಷ್ಟವಾಗಿ ತಿರುಗುತ್ತದೆ.

ಎಷ್ಟು ದೂರ, ಎಷ್ಟು ಭಾರ

ಈಗ ಇದರ ಇನ್ನೊಂದು ತಮ್ಮ ಬಂದಿದ್ದಾನೆ, ಎ321 ಎಕ್ಸ್‌ಎಲ್‌ಆರ್. ಹಿಂಭಾಗದಲ್ಲಿ ಹೆಚ್ಚುವರಿ ಇಂಧನದ ಟ್ಯಾಂಕು, ಗಟ್ಟಿ ಮಾಡಿದ ಚಕ್ರದ ಕಾಲು. ಹಾರುವಾಗಿನ ಗರಿಷ್ಠ ತೂಕ 101 ಟನ್. ಏರ್‌ಬಸ್ ಹೇಳುವ ಪ್ರಕಾರ 8,700 ಕಿ.ಮೀ. ದೂರ ಹಾರಬಲ್ಲದು. 2024ರ ನವೆಂಬರ್‌ನಲ್ಲಿ ಸ್ಪೇನ್‌ನ ಐಬೀರಿಯಾ ಕಂಪನಿ ಇದನ್ನು ಮ್ಯಾಡ್ರಿಡ್‌ನಿಂದ ಅಮೆರಿಕದ ಬಾಸ್ಟನ್‌ಗೆ ಹಾರಿಸಿತು. ಒಂದು ಓಣಿಯ ವಿಮಾನ ಅಟ್ಲಾಂಟಿಕ್ ಸಮುದ್ರ ದಾಟಿತು.

ಬೆಂಗಳೂರಿನಿಂದ ಲಂಡನ್ ಸುಮಾರು 8,000 ಕಿ.ಮೀ. ಕಾಗದದ ಮೇಲೆ ಮುಟ್ಟುತ್ತದೆ. ಆದರೆ ಎದುರುಗಾಳಿ ಇದ್ದರೆ, ಸೀಟೂ ಸಾಮಾನೂ ಪೂರ್ತಿ ತುಂಬಿದ್ದರೆ, ಆ ದೂರ ಕಮ್ಮಿಯಾಗುತ್ತದೆ. ಎತ್ತಿನ ಗಾಡಿಗೆ ಹೇರು ಹೆಚ್ಚಾದರೆ ಹಾದಿ ಹೇಗೆ ಉದ್ದವಾಗುತ್ತದೋ ಹಾಗೆ. ಜಾಹೀರಾತಿನ ದೂರವೇ ಬೇರೆ, ನಿಜವಾದ ದೂರವೇ ಬೇರೆ.

ಈಗ ನಮ್ಮ ದೂರ ನೋಡಿ. ಬೆಂಗಳೂರು ನಿಲ್ದಾಣದಿಂದ ಶಿವಮೊಗ್ಗ ನೇರ ರೇಖೆಯಲ್ಲಿ ಸುಮಾರು 240 ಕಿ.ಮೀ. ಕಲಬುರಗಿ ಸುಮಾರು 460 ಕಿ.ಮೀ. ಸಾವಿರಾರು ಕಿಲೋಮೀಟರ್ ಹಾರಲು ಹುಟ್ಟಿದ ಜೆಟ್ಟನ್ನು 240 ಕಿ.ಮೀ.ಗೆ ಓಡಿಸುವುದೆಂದರೆ ಹತ್ತು ಚಕ್ರದ ಲಾರಿಯಲ್ಲಿ ಸಂತೆಯಿಂದ ಒಂದು ಚೀಲ ಈರುಳ್ಳಿ ತಂದ ಹಾಗೆ. ಮೇಲೇರುವಷ್ಟರಲ್ಲಿ ಇಳಿಯುವ ಹೊತ್ತು. ಜೆಟ್ ಇಂಧನ ಉಳಿಸುವುದು ಎತ್ತರದಲ್ಲಿ ತುಂಬ ಹೊತ್ತು ಹಾರಿದಾಗ. ಏರುವಾಗ ಕುಡಿಯುವುದೇ ಹೆಚ್ಚು.

ಈ ದೂರಕ್ಕೆಂದೇ ಮಾಡಿದ ವಿಮಾನ ಎಟಿಆರ್ 72. ಎರಡು ಫ್ಯಾನು ತಿರುಗುವುದು ಕಣ್ಣಿಗೆ ಕಾಣುವ ಆ ಸಣ್ಣ ವಿಮಾನ. ಇಂಡಿಗೊದ ಎಟಿಆರ್‌ನಲ್ಲಿ 78 ಸೀಟು, ಗರಿಷ್ಠ ತೂಕ ಸುಮಾರು 23 ಟನ್. ಎ321 ನಿಯೋದ ತೂಕ ಇದರ ನಾಲ್ಕು ಪಟ್ಟು. ಹಾಗಾಗಿ ಅದಕ್ಕೆ ರನ್‌ವೇ ಉದ್ದವೂ ಬೇಕು, ದಪ್ಪವೂ ಬೇಕು. ಅದರ ಮೇಲೆ ಬಿಸಿಲು ಬೇರೆ. ಗಾಳಿ ಕಾದಷ್ಟೂ ತೆಳುವಾಗುತ್ತದೆ, ರೆಕ್ಕೆಗೆ ಹಿಡಿತ ಕಮ್ಮಿ, ಓಡುವ ದೂರ ಹೆಚ್ಚು. ಕಲಬುರಗಿಯ ಏಪ್ರಿಲ್-ಮೇ ಬಿಸಿಲು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉದ್ದನೆಯ ಬಾಲಕ್ಕೆ ಉದ್ದನೆಯ ಜವಾಬ್ದಾರಿ

ಮೈ ಉದ್ದವಾದರೆ ಬಾಲವೂ ಉದ್ದ. ಏರುವಾಗಲೋ ಇಳಿಯುವಾಗಲೋ ಮೂಗು ಸ್ವಲ್ಪ ಹೆಚ್ಚು ಎತ್ತಿದರೆ ಬಾಲ ನೆಲಕ್ಕೆ ಉಜ್ಜುತ್ತದೆ. 2023ರ ಜೂನ್ 15ರಂದು ಬೆಂಗಳೂರಿನಿಂದ ಹೊರಟ ಇಂಡಿಗೊ ಎ321 ಅಹಮದಾಬಾದ್‌ನಲ್ಲಿ ಇಳಿಯುವಾಗ ಹೀಗೇ ಆಯಿತು. ಆ ವರ್ಷ ಆರು ತಿಂಗಳಲ್ಲಿ ಎ321 ವಿಮಾನಗಳಲ್ಲಿ ಇಂಥ ನಾಲ್ಕು ಘಟನೆ ನಡೆದವು. ವಿಮಾನಯಾನ ನಿರ್ದೇಶನಾಲಯ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು.

ಇದನ್ನು ಹೇಳುತ್ತಿರುವುದು ಹೆದರಿಸಲು ಅಲ್ಲ. ಎ321 ಕೆಟ್ಟ ವಿಮಾನ ಅಲ್ಲ, ಲೋಕದಾದ್ಯಂತ ದಿನಾ ಸಾವಿರಾರು ಸಲ ಏರಿ ಇಳಿಯುತ್ತದೆ. ಆದರೆ ದೊಡ್ಡ ವಿಮಾನ ಕರೆಸುವ ಮಾತಾಡುವವರು ಅದರ ಜೊತೆಗೆ ಬೇಕಾದ ತರಬೇತಿ, ದೀಪ, ಅಗ್ನಿಶಾಮಕ ದಳ, ಮಂಜಿನಲ್ಲಿ ದಾರಿ ತೋರಿಸುವ ಉಪಕರಣ ಇವುಗಳ ಮಾತೂ ಆಡಬೇಕು. ಶಿವಮೊಗ್ಗದ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆ ಆಯಿತು. ರಾತ್ರಿ ವಿಮಾನ ಇಳಿಸುವ ವ್ಯವಸ್ಥೆ ಇಲ್ಲದೆಯೇ ಸೇವೆ ಶುರುವಾಯಿತು. ಮಲೆನಾಡಿನ ಮಳೆ ಮಂಜು ಗೊತ್ತಿದ್ದೂ ಮೊದಲು ಹೆಮ್ಮೆಪಟ್ಟಿದ್ದು ರನ್‌ವೇಯ ಉದ್ದಕ್ಕೆ.

ಉದ್ದ ಒಂದೇ ಸಾಲದು ಅನ್ನಲು ಸಾಕ್ಷಿ

ಶಿವಮೊಗ್ಗದ ನಿಲ್ದಾಣದ ಯೋಜನೆ ಮೊದಲು ಇದ್ದದ್ದು ಎಟಿಆರ್ ಮಟ್ಟಕ್ಕೆ. ನಡುವೆ ಎ320 ಮಟ್ಟಕ್ಕೆ ಏರಿಸಿದರು. ರನ್‌ವೇ 3 ಕಿ.ಮೀ. ದಾಟಿತು. 2023ರ ಆಗಸ್ಟ್ 31ರಂದು ಮೊದಲ ಪ್ರಯಾಣಿಕ ವಿಮಾನ ಬಂತು. ಯಾವುದು? ಇಂಡಿಗೊದ ಎಟಿಆರ್. ವಿಜಯಪುರದಲ್ಲೂ ಅದೇ ಕತೆ, ಎಟಿಆರ್‌ಗೆಂದು ಶುರುವಾದ ಕೆಲಸವನ್ನು ಎ320ಗೆ ಬದಲಾಯಿಸಿದರು. ರನ್‌ವೇ ಉದ್ದ ಮಾಡಿದರು, ಖರ್ಚೂ ಉದ್ದವಾಯಿತು.

ಈಗ ಇನ್ನೊಂದು ಕಡೆ ನೋಡಿ. ಬೆಳಗಾವಿಯ ರನ್‌ವೇ 2,300 ಮೀಟರ್. ಹುಬ್ಬಳ್ಳಿಯದು ಸುಮಾರು 2,600 ಮೀಟರ್. ಕಲಬುರಗಿಯದು 3,175 ಮೀಟರ್. ಮೂರರಲ್ಲಿ ಉದ್ದ ಕಲಬುರಗಿಯದು. ಆದರೆ ಇಂಡಿಗೊದ ಏರ್‌ಬಸ್ ದೆಹಲಿಗೆ ಹಾರಿದ್ದು ಹುಬ್ಬಳ್ಳಿಯಿಂದ, ಬೆಳಗಾವಿಯಿಂದ. ರನ್‌ವೇ ಉದ್ದ ನೋಡಿ ವಿಮಾನ ಬರುವುದಾಗಿದ್ದರೆ ಕಲಬುರಗಿಯಲ್ಲಿ ಸಾಲು ನಿಲ್ಲಬೇಕಿತ್ತು. ವಿಮಾನ ಬರುವುದು ಜನ ಇರುವ ಕಡೆಗೆ. ಟಿಕೆಟ್ ಕೊಳ್ಳುವ ಜನ, ದಿನಾ ಕೊಳ್ಳುವ ಜನ.

ಲೆಕ್ಕ ಹಾಕೋಣ ಬನ್ನಿ. 220 ಸೀಟಿನ ಒಂದು ಎ321 ದಿನಕ್ಕೆ ಒಂದು ಸಲ ನಿಮ್ಮ ಜಿಲ್ಲೆಗೆ ಬಂದು ಹೋಗುತ್ತದೆ ಅಂತಿಟ್ಟುಕೊಳ್ಳಿ. ನೂರಕ್ಕೆ 70 ಸೀಟು ತುಂಬಬೇಕು ಅಂದರೂ ಬರುವಾಗ 154 ಜನ, ಹೋಗುವಾಗ 154 ಜನ. ದಿನಕ್ಕೆ 308. ವರ್ಷಕ್ಕೆ 1 ಲಕ್ಷ 12 ಸಾವಿರ ಟಿಕೆಟ್. ಮದುವೆ ಸೀಸನ್ ಅಲ್ಲ, ದೀಪಾವಳಿ ಅಲ್ಲ, ಆಷಾಢದ ಮಂಗಳವಾರವೂ 308 ಜನ ಬೇಕು. ಅದೇ 78 ಸೀಟಿನ ಎಟಿಆರ್ ಆದರೆ ಒಂದು ಸುತ್ತಿಗೆ ಆ ಕಡೆ 55, ಈ ಕಡೆ 55 ಜನ ಸಾಕು.

ಕಂಪನಿಯ ಜಾಗದಲ್ಲಿ ನೀವೇ ಇದ್ದರೆ ಯಾವುದನ್ನು ಕಳಿಸುತ್ತಿದ್ದಿರಿ? ಕಂಪನಿಯವರು ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. ಅವರು ಮಾಡುವುದು ವ್ಯಾಪಾರ. ಗೊತ್ತಿದ್ದೂ ಸುಳ್ಳು ಆಸೆ ಹುಟ್ಟಿಸುವವರ ಮೇಲೆ ನಮ್ಮ ಸಿಟ್ಟು.

ವಿಮಾನವೇ ಸಾಲದ ಕಾಲ

ಇನ್ನೊಂದು ಮಾತನ್ನು ಭಾಷಣದಲ್ಲಿ ಯಾರೂ ಹೇಳುವುದಿಲ್ಲ. ಈ ಜಾತಿಯ ವಿಮಾನ ಬೇಕೆಂದ ಕೂಡಲೇ ಸಿಗುವುದಿಲ್ಲ. 2023ರ ಜೂನ್‌ನಲ್ಲಿ ಇಂಡಿಗೊ ಒಂದೇ ಸಲಕ್ಕೆ ಎ320 ಕುಟುಂಬದ 500 ವಿಮಾನಕ್ಕೆ ಆರ್ಡರ್ ಕೊಟ್ಟಿತು. ಅವು ಬಂದು ಮುಗಿಯಲು ವರ್ಷಗಟ್ಟಲೆ ಬೇಕು. ಅದೇ ವರ್ಷ ಜುಲೈನಲ್ಲಿ ಪ್ರಾಟ್ ಅಂಡ್ ವಿಟ್ನಿ ಕಂಪನಿ ತನ್ನ ಎಂಜಿನ್‌ಗಳ ಕೆಲವು ಭಾಗಗಳ ಲೋಹದ ಪುಡಿಯಲ್ಲಿ ದೋಷ ಇದೆ ಎಂದು ಪ್ರಕಟಿಸಿತು. ರೆಕ್ಕೆಯಿಂದ ಎಂಜಿನ್ ಬಿಚ್ಚಿ ಪರೀಕ್ಷೆ ಮಾಡಬೇಕಾಯಿತು. ಇಂಡಿಗೊದ 70ಕ್ಕೂ ಹೆಚ್ಚು ವಿಮಾನ ಒಂದು ಹಂತದಲ್ಲಿ ನೆಲದ ಮೇಲೆ ನಿಂತಿದ್ದವು. ಅದಕ್ಕೂ ಮುಂಚೆ ಮೇ ತಿಂಗಳಲ್ಲಿ ಗೋ ಫಸ್ಟ್ ಇದೇ ಕಂಪನಿಯ ಎಂಜಿನ್ ಸಮಸ್ಯೆಯನ್ನು ದೂರಿ ಹಾರಾಟವನ್ನೇ ನಿಲ್ಲಿಸಿತು.

ವಿಮಾನ ಕಡಿಮೆ ಇದ್ದಾಗ ಕಂಪನಿ ಏನು ಮಾಡುತ್ತದೆ? ಇರುವುದನ್ನು ಹೆಚ್ಚು ದುಡ್ಡು ಬರುವ ದಾರಿಗೆ ಹಾಕುತ್ತದೆ. ದೆಹಲಿ-ಮುಂಬೈ, ಬೆಂಗಳೂರು-ದೆಹಲಿ, ದುಬೈ. ಊರಿಗೆ ಇರುವುದೊಂದೇ ಬಸ್ಸು ಜಾತ್ರೆಗೆ ಹೋದ ದಿನ ಶಾಲೆ ಮಕ್ಕಳು ನಡೆದುಕೊಂಡು ಹೋಗುತ್ತಾರಲ್ಲ, ಅದೇ ನ್ಯಾಯ.

ಉಡಾನ್ ಲೆಕ್ಕ ಯಾರೂ ಓದುವುದಿಲ್ಲ

ಸಣ್ಣ ಊರಿಗೂ ವಿಮಾನ ಬರಲಿ ಅಂತ ಕೇಂದ್ರ ಸರ್ಕಾರ ಉಡಾನ್ ಯೋಜನೆ ತಂದಿತು. ಮೊದಲ ವಿಮಾನ ಹಾರಿದ್ದು 2017ರ ಏಪ್ರಿಲ್‌ನಲ್ಲಿ, ಶಿಮ್ಲಾದಿಂದ ದೆಹಲಿಗೆ. ಒಂದಷ್ಟು ಸೀಟಿಗೆ ಅಗ್ಗದ ದರ, ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ. ಕಂಪನಿಗೆ ಆಗುವ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ಅದರಲ್ಲಿ ರಾಜ್ಯದ ಪಾಲೂ ಇದೆ. ಉದ್ದೇಶ ಒಳ್ಳೆಯದೇ.

ಫಲ ಏನು? 2023ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಹೇಳುವುದು ಇದು. ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ ಉಳಿದದ್ದು 54. ನೂರು ಮಾರ್ಗ ಹಂಚಿದರೆ ಏಳು ಉಳಿಯಿತು ಅಂತ ಅರ್ಥ.

ನೂರು ಬೀಜ ಬಿತ್ತಿ ಏಳು ಸಸಿ ಬಂದರೆ ರೈತ ಬೀಜದ ಅಂಗಡಿಗೆ ಹೋಗಿ ಕೇಳುತ್ತಾನೆ. ಇಲ್ಲಿ ಕೇಳುವವರು ಯಾರು? ನಮ್ಮ ಬೀದರ್‌ನವರಿಗೆ ಇದು ಅಂಕಿಯಲ್ಲ, ಅನುಭವ. 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ವಿಮಾನ ಶುರುವಾಯಿತು. ಆಮೇಲೆ ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು, 2025ರಲ್ಲಿ ಮತ್ತೊಮ್ಮೆ ಶುರುವಾಯಿತು. ಇಂಥ ಸೇವೆಯನ್ನು ನಂಬಿ ಆಸ್ಪತ್ರೆಯ ದಿನಾಂಕವನ್ನೋ ಸಂದರ್ಶನದ ದಿನಾಂಕವನ್ನೋ ಯಾರಾದರೂ ಇಟ್ಟುಕೊಳ್ಳಲು ಆಗುತ್ತದೆಯೇ?

ಎದುರಿನವರ ಮಾತಿನಲ್ಲೂ ನ್ಯಾಯ ಇದೆ

ನಮ್ಮ ಮಾತಿಗೆ ಉತ್ತರ ಸಿದ್ಧ ಇದೆ. ರನ್‌ವೇ ಒಂದು ಸಲ ಸಣ್ಣದು ಮಾಡಿದರೆ ಆಮೇಲೆ ಉದ್ದ ಮಾಡುವುದು ಕಷ್ಟ, ಮೈಸೂರು ನೋಡಿ ಅನ್ನುತ್ತಾರೆ. ನಿಜ. ಮೈಸೂರಿನ ರನ್‌ವೇ 1,740 ಮೀಟರ್. ಉದ್ದ ಮಾಡಲು ಹೋದರೆ ನಂಜನಗೂಡು ಕಡೆಯ ಹೆದ್ದಾರಿ, ರೈಲು ಹಳಿ ಅಡ್ಡ. ವರ್ಷಗಳಿಂದ ಅದೇ ಚರ್ಚೆ.

ಸುರಕ್ಷತೆಯ ಮಾತೂ ಇದೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತರು. ಅದು ಬೋಯಿಂಗ್ 737-800, ಅದೂ ಹಳೆಯ ವಿಮಾನವನ್ನು ಎಳೆದು ಉದ್ದ ಮಾಡಿದ ಜಾತಿಯೇ. ರನ್‌ವೇಯಲ್ಲಿ ಬಹಳ ಮುಂದೆ ಹೋಗಿ ನೆಲ ಮುಟ್ಟಿತು, ನಿಲ್ಲಲು ಜಾಗ ಸಾಲದೆ ಗುಡ್ಡದಿಂದ ಕೆಳಗೆ ಬಿತ್ತು. ಉಳಿದವರು ಎಂಟೇ ಜನ. ಆ ನೆನಪು ಇರುವ ರಾಜ್ಯದಲ್ಲಿ ಉದ್ದ ರನ್‌ವೇ ಬೇಡ ಅನ್ನಲು ನಮಗೆ ಬಾಯಿ ಬರುವುದಿಲ್ಲ.

ಆದ್ದರಿಂದ ಸರಿಯಾಗಿ ಕೇಳಿಸಿಕೊಳ್ಳಿ. ಉದ್ದ ರನ್‌ವೇ ಬೇಡ ಅಂತ ನಾವು ಹೇಳುತ್ತಿಲ್ಲ. ನಾಳೆಗೆ ಜಾಗ ಬೇಕು ಅಂದರೆ 'ನಾಳೆಗೆ' ಅಂತ ಹೇಳಿ. ಇವತ್ತಿನ ಸೇವೆ ಅಂತ ಹೇಳಬೇಡಿ. ದೊಡ್ಡ ಕೊಟ್ಟಿಗೆ ಕಟ್ಟಿಸಿದ ದಿನವೇ ಹಾಲು ಮಾರಿದ ಲೆಕ್ಕ ಹೇಳಬೇಡಿ. ಎಮ್ಮೆ ಎಲ್ಲಿ ಅಂತ ನಾವು ಕೇಳಬೇಕಾಗುತ್ತದೆ.

ಈ ವಿಮಾನ ನಮಗೆ ಕೊಟ್ಟದ್ದು ಬೇರೆಯೇ ಇದೆ

ವಿಚಿತ್ರ ನೋಡಿ. ಎ320 ಕುಟುಂಬದ ಮುಂಬಾಗಿಲುಗಳನ್ನು ವರ್ಷಗಳಿಂದ ಮಾಡಿಕೊಟ್ಟಿದ್ದು ಬೆಂಗಳೂರಿನ ಎಚ್‌ಎಎಲ್. ರೆಕ್ಕೆಯ ಫ್ಲ್ಯಾಪ್ ಹೊರುವ ತೊಲೆಗಳನ್ನು ಬೆಂಗಳೂರಿನ ಡೈನಾಮ್ಯಾಟಿಕ್ ಮಾಡುತ್ತದೆ. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಬಳಿ ಏಕಸ್ ಕಂಪನಿಯ ವಲಯದಲ್ಲಿ ಏರ್‌ಬಸ್‌ಗೆ ಬಿಡಿಭಾಗ ತಯಾರಾಗುತ್ತವೆ. ಸುತ್ತಲಿನ ಊರುಗಳ ಹುಡುಗರು ಹುಡುಗಿಯರು ಯಂತ್ರದ ಮುಂದೆ ನಿಂತು ಲೋಹ ಕೊರೆಯುತ್ತಾರೆ.

ಅಂದರೆ ಈ ವಿಮಾನ ಒಂದು ಹಳ್ಳಿ ಕಡೆಗೆ ಸಂಬಳ ತಂದದ್ದು ಅಲ್ಲಿ ಬಂದು ಇಳಿದು ಅಲ್ಲ. ಅಲ್ಲಿ ಅದರ ತುಂಡುಗಳು ಹುಟ್ಟಿದ್ದರಿಂದ. ಐಟಿಐ, ಡಿಪ್ಲೊಮಾ ಓದಿದವರಿಗೆ ಕೆಲಸ ಕೊಡುವ ಒಂದು ಕಾರ್ಖಾನೆ ವರ್ಷವಿಡೀ ಜನರನ್ನು ಓಡಾಡಿಸುತ್ತದೆ. ಆ ಓಡಾಟದಿಂದಲೇ ಮುಂದೆ ವಿಮಾನದ ಸೀಟೂ ತುಂಬುತ್ತದೆ. ಬೆಳಗಾವಿಯ ಸಣ್ಣ ರನ್‌ವೇಗೆ ಏರ್‌ಬಸ್ ಬಂದದ್ದರ ಹಿಂದೆ ಉದ್ಯಮ ಇದೆ, ಸೇನೆ ಇದೆ, ಕಾಲೇಜುಗಳಿವೆ. ನಮ್ಮ ನಾಯಕರು ಗಾಡಿಯನ್ನು ಎತ್ತಿನ ಮುಂದೆ ಕಟ್ಟಿ, ಎತ್ತು ಯಾಕೆ ನಡೆಯುತ್ತಿಲ್ಲ ಅಂತ ಕಂಪನಿಯವರನ್ನು ಬೈಯುತ್ತಾರೆ.

ಇನ್ನು ಮುಂದೆ ಕೇಳಬೇಕಾದ್ದು

ಮುಂದಿನ ಸಲ ನಿಮ್ಮ ಊರಿನ ಕಡೆ ಯಾರಾದರೂ ಏರ್‌ಬಸ್ ಅಂದರೆ ಚಪ್ಪಾಳೆಗೆ ಮುಂಚೆ ಇಷ್ಟು ಕೇಳಿ.

ಯಾವ ಕಂಪನಿ ಯಾವ ವಿಮಾನ ಕಳಿಸಲು ಒಪ್ಪಿದೆ? ಒಪ್ಪಂದ ಕಾಗದದಲ್ಲಿ ಇದೆಯೇ, ಬಾಯಲ್ಲಿ ಇದೆಯೇ?

ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ? ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಬರಲು ಆಗುತ್ತದೆಯೇ?

ರಾತ್ರಿ ಮತ್ತು ಮಂಜಿನಲ್ಲಿ ಇಳಿಸುವ ವ್ಯವಸ್ಥೆ ಯಾವತ್ತು ಸಿದ್ಧ?

ಸಹಾಯಧನ ಎಷ್ಟು, ಎಷ್ಟು ವರ್ಷ? ನಿಂತ ಮೇಲೆ ಏನು?

ಜಮೀನು ಕೊಟ್ಟವರಿಗೆ ಹೇಳಿದ್ದು ಪೂರ್ತಿ ಮುಟ್ಟಿದೆಯೇ?

ನಿಲ್ದಾಣದಿಂದ ಜಿಲ್ಲಾಸ್ಪತ್ರೆಗೆ, ತಾಲ್ಲೂಕು ಕೇಂದ್ರಕ್ಕೆ ಬಸ್ ಇದೆಯೇ?

ಬಾಯಲ್ಲಿ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಓದಿ, ನಮಗೂ ಕಳಿಸಿ. ಅಡ್ಡ ಉತ್ತರ ಬಂದರೆ ಅದನ್ನೂ ಕಳಿಸಿ, ಅದೂ ಸುದ್ದಿಯೇ.

ವಿಮಾನ ಹಳ್ಳಿಯವರಿಗೆ ಯಾಕೆ ಅನ್ನುವವರ ಜೊತೆ ನಾವಿಲ್ಲ. ಗಲ್ಫ್‌ಗೆ ದುಡಿಯಲು ಹೋಗುವವನು ಹಳ್ಳಿಯವನು. ಬೆಂಗಳೂರಿನ ಆಸ್ಪತ್ರೆಗೆ ತಾಯಿಯನ್ನು ಕರೆದೊಯ್ಯುವವಳು ಹಳ್ಳಿಯವಳು. ನಮಗೂ ಸೀಟು ಬೇಕು, ದಿನಾ ಬೇಕು, ಹೇಳಿದ ಹೊತ್ತಿಗೆ ಬೇಕು. ಅದು 44 ಮೀಟರ್ ಉದ್ದದ ಜೆಟ್ಟೇ ಆಗಬೇಕಿಲ್ಲ. ತಪ್ಪದೆ ಬರುವ 78 ಸೀಟಿನ ಎಟಿಆರ್ ಆದರೂ ಸಾಕು. ಬರುವ ವಿಮಾನದ ಹೆಸರು, ಬರುವ ದಿನ, ಬರುವ ಹೊತ್ತು, ಈ ಮೂರನ್ನು ಬರೆದುಕೊಡಿ. ಅದು ಕೈಗೆ ಸಿಕ್ಕ ದಿನ ನಾವೂ ಚಪ್ಪಾಳೆ ತಟ್ಟುತ್ತೇವೆ.